ಅಷ್ಟ ವರ್ಷ ಅಂವಗ ಉಣ್ಣಾಕ ಹಾಕಿದವ್ರು ಯಾರು?

ಮ್ಯಾಂಡೊಲಿನ್ ಅಂದ ಕೂಡಲೇ ನನ್ನ ವಯಸ್ಸಿನ ಬಹಳ ಜನರಿಗೆ ನೆನಪಾಗೋದು ಸಾಸಿವೆ ಹೊಲದಲ್ಲಿ ನಿಂತ ಶಾರುಖ್ ಖಾನ್. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಬಂದ ಮೇಲೆ ಆ ಪುಟ್ಟ ವಾದ್ಯ ಪ್ರೇಮದ ಗುರುತಾಗಿಬಿಟ್ಟಿತು. ಇನ್ನೂ ಹಳೆಯ ಹಾಡು ಕೇಳುವವರಿಗೆ ಅದು ಪಲ್ಲವಿ, ಚರಣಗಳ ನಡುವೆ ಬಂದು ಹೋಗುವ ಕಿಣಿಕಿಣಿ. ಎರಡು ಕಡೆಯೂ ಅದು ಬೇರೆ ಯಾರದೋ ಹಾಡಿಗೆ ಜೊತೆಗಾರ.

ಇನ್ನೊಂದು ಥರದ ಮ್ಯಾಂಡೊಲಿನ್ ಸಂಗೀತ ಇದೆ. ಒಬ್ಬ ಮನುಷ್ಯ, ಒಂದು ವಾದ್ಯ, ಅಷ್ಟೇ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ತಾಳ ಹಾಕುವವರೂ ಇಲ್ಲ. ಎರಡು ವರ್ಷದಿಂದ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿದಾಗ ನಾನು ಹೆಚ್ಚಾಗಿ ಕೇಳೋದು ಇದನ್ನೇ. ಕೇಳಿದ ಯಾರ ಬಾಯಲ್ಲಾದರೂ ಮೊದಲು ಬರೋ ಮಾತು, ‘ಅಬ್ಬಾ, ಏನು ಕೈ!’. ಆ ಅಬ್ಬಾ ಅನ್ನೋದರ ಒಳಗೆ ಒಂದು ನೈತಿಕ ಪ್ರಶ್ನೆ ಕೂತಿದೆ ಅಂತ ನನಗೆ ಅನ್ನಿಸಲಿಕ್ಕೆ ಶುರುವಾಗಿದೆ. ಒಬ್ಬ ಮನುಷ್ಯ ಒಂದೇ ವಿದ್ಯೆಯಲ್ಲಿ ಅಷ್ಟು ದೂರ ಹೋಗುವುದು ಸರಿಯಾ? ಹೋದವನು ಯಾರಿಗಾದರೂ ಏನಾದರೂ ಕೊಡಬೇಕಾಗಿರುತ್ತದಾ?

ಪ್ರಶ್ನೆಗೆ ಹೋಗುವ ಮೊದಲು ವಾದ್ಯದ ಕಷ್ಟ ಏನು ಅಂತ ಸ್ವಲ್ಪ ನೋಡೋಣ, ಯಾಕೆಂದರೆ ‘ದೂರ ಹೋಗುವುದು’ ಅಂದರೇನು ಅನ್ನೋದು ಅಲ್ಲೇ ತಿಳೀತದೆ.

ಇಟಲಿಯ ನೇಪಲ್ಸ್‌ನಲ್ಲಿ 18ನೇ ಶತಮಾನದಲ್ಲಿ ರೂಪ ಪಡೆದ ಮ್ಯಾಂಡೊಲಿನ್‌ಗೆ ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಶ್ರುತಿ ಮಾಡೋದು ಪಿಟೀಲಿನ ಹಾಗೆಯೇ. ಆದರೆ ಪಿಟೀಲಿಗೆ ಕಮಾನು ಇದೆ. ಎಳೆಯುತ್ತಾ ಹೋದರೆ ಸ್ವರ ನಿಲ್ಲುತ್ತದೆ. ಮ್ಯಾಂಡೊಲಿನ್ ತಂತಿಯನ್ನು ಪಿಕ್‌ನಿಂದ ಮೀಟಿದರೆ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯಲು ಶುರು. ಹಾಗಾಗಿ ಉದ್ದ ಸ್ವರ ಬೇಕಾದಾಗ ವಾದಕ ಅದೇ ಸ್ವರವನ್ನು ಮೇಲೆ ಕೆಳಗೆ, ಮೇಲೆ ಕೆಳಗೆ, ಎಣಿಸಲಾಗದಷ್ಟು ಬೇಗ ಮೀಟುತ್ತಾನೆ. ಇದಕ್ಕೆ ಟ್ರೆಮೊಲೊ ಅಂತಾರೆ. ಕೇಳುವ ನಮಗೆ ಒಂದೇ ಸ್ವರ ಹರಿದಂತೆ ಅನ್ನಿಸುತ್ತದೆ. ಹಳೆ ಸೈಕಲ್ಲಿನ ಡೈನಮೊ ದೀಪ ನೆನಪಿದೆಯಾ? ಪೆಡಲ್ ತುಳಿಯುವವರೆಗೆ ಮಾತ್ರ ಬೆಳಕು. ಹಾಗೆ.

ಇದೇ ಕೈಯಲ್ಲಿ ಇನ್ನೂ ಒಂದು ಕೆಲಸ ಮಾಡಿಸಿದವರು ನೇಪಲ್ಸ್‌ನ ರಫಾಯೆಲೆ ಕಲಾಚೆ (1863–1934). ವಾದ್ಯ ತಯಾರಿಸುವ ಮನೆತನದವರು, ಸ್ವತಃ ವಾದಕರು. ಜೊತೆಗಾರರಿಲ್ಲದ ಒಂಟಿ ಮ್ಯಾಂಡೊಲಿನ್‌ಗಾಗಿ ಅವರು ಬರೆದ ಪ್ರೆಲ್ಯೂಡ್‌ಗಳಲ್ಲಿ ಒಂದು ತಂತಿಯ ಮೇಲೆ ಟ್ರೆಮೊಲೊ ಹರೀತಿರುತ್ತದೆ, ಅದರ ಕೆಳಗೆ ಬೇರೆ ತಂತಿಗಳ ಮೇಲೆ ಅದೇ ಪಿಕ್ ಪಕ್ಕವಾದ್ಯದ ಸ್ವರಗಳನ್ನು ಇಡುತ್ತಾ ಹೋಗುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ಕೂತಿದ್ದಾರೆ ಅನ್ನಿಸಬೇಕು. ಇರೋದು ಒಬ್ಬನೇ. ಬಾಖ್ 1720ರಲ್ಲಿ ಒಂಟಿ ಪಿಟೀಲಿಗಾಗಿ ಬರೆದಿಟ್ಟ ಕೃತಿಗಳನ್ನು ಅಮೆರಿಕದ ಕ್ರಿಸ್ ಥೀಲಿ ಮ್ಯಾಂಡೊಲಿನ್‌ನಲ್ಲಿ ನುಡಿಸಿ 2013ರಲ್ಲಿ ಒಂದು ಆಲ್ಬಂ ತಂದರು. ಅಲ್ಲೂ ಅಷ್ಟೇ, ನಾಲ್ಕು ಜೋಡಿ ತಂತಿಯ ಮೇಲೆ ಒಂದು ಪೂರ್ತಿ ಮನೆ ಕಟ್ಟಬೇಕು, ಮರೆಗೆ ಯಾರೂ ಇಲ್ಲ.

ನಮ್ಮ ಕಡೆಯ ದೊಡ್ಡ ಉದಾಹರಣೆ ಯು. ಶ್ರೀನಿವಾಸ್. 1969ರಲ್ಲಿ ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದವರು. ಕರ್ನಾಟಕ ಸಂಗೀತಕ್ಕೆ ಗಮಕ ಇಲ್ಲದಿದ್ದರೆ ಜೀವವೇ ಇಲ್ಲ. ಸ್ವರ ಒಂದರಿಂದ ಇನ್ನೊಂದಕ್ಕೆ ಜಾರಬೇಕು, ತೂಗಬೇಕು. ಮೆಟ್ಟಿಲು ಮೆಟ್ಟಿಲಾಗಿ ಮನೆಗಳಿರುವ, ಎರಡೆರಡು ತಂತಿ ಬಿಗಿದ, ಮೀಟಿದ ಕೂಡಲೇ ಸದ್ದು ಸಾಯುವ ವಾದ್ಯದಲ್ಲಿ ಅದು ಆಗುವ ಮಾತಲ್ಲ. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು, ಜೋಡಿ ತಂತಿ ತೆಗೆದು ಒಂಟಿ ತಂತಿ ಹಾಕಿದರು, ಆಮೇಲೆ ಐದನೆಯ ತಂತಿಯನ್ನೂ ಸೇರಿಸಿದರು. 1978ರಲ್ಲಿ ಗುಡಿವಾಡದ ತ್ಯಾಗರಾಜ ಆರಾಧನೆಯಲ್ಲಿ ಮೊದಲ ಕಚೇರಿ ಕೊಟ್ಟಾಗ ವಯಸ್ಸು ಒಂಬತ್ತು. 1981ರಲ್ಲಿ ಮದ್ರಾಸಿನ ಡಿಸೆಂಬರ್ ಕಚೇರಿಗಳಿಗೆ ಬಂದಾಗ ಹನ್ನೆರಡು. 2014ರ ಸೆಪ್ಟೆಂಬರ್ 19ರಂದು, ನಲವತ್ತೈದಕ್ಕೇ, ತೀರಿಕೊಂಡರು.

ನಾನು ಹುಟ್ಟಿ ಬೆಳೆದದ್ದು ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ. ಹಬ್ಬಕ್ಕೆ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ಶ್ರೀನಿವಾಸ್ ಅವರ ಒಂದು ರಾಗಾಲಾಪನೆಯನ್ನು ಫೋನಿನಲ್ಲಿ ನಮ್ಮ ಕಾಕಾನಿಗೆ ಕೇಳಿಸಿದೆ. ಕಾಕಾ ಊರ ಭಜನಾ ಮೇಳದಲ್ಲಿ ತಾಳ ಹಾಕುವವನು, ಸಂಗೀತಕ್ಕೆ ಕಿವಿ ಇದ್ದವನು. ಪೂರ್ತಿ ಕೇಳಿದ.

“ಭಾರಿ ಬಾರಸ್ತಾನ ಬಿಡು. ಇಷ್ಟ ಕಲಿಯಾಕ ಎಷ್ಟ ವರ್ಷ ಹಿಡದಿರಬೇಕು?”

“ಹತ್ತ ಹದಿನೈದ ವರ್ಷರ ಬೇಕು ಕಾಕಾ.”

“ಅಷ್ಟ ವರ್ಷ ಅಂವಗ ಉಣ್ಣಾಕ ಹಾಕಿದವ್ರು ಯಾರು?”

ಕಾಕಾ ವ್ಯಂಗ್ಯ ಮಾಡಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು ಓದಿದ ಲೇಖನಗಳಲ್ಲಿ, ನೋಡಿದ ವಿಡಿಯೋಗಳಲ್ಲಿ ಯಾರೂ ಕೇಳದ ಪ್ರಶ್ನೆ ಇದು.

ನಮಗೆಲ್ಲ ಹತ್ತು ಸಾವಿರ ಗಂಟೆಯ ಮಾತು ಗೊತ್ತು. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಭ್ಯಾಸದ ಲೆಕ್ಕ ಹಾಕಿದರು. 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ತಮ್ಮ ‘ಔಟ್‌ಲೈಯರ್ಸ್’ ಪುಸ್ತಕದಲ್ಲಿ ಅದನ್ನು ಜಗತ್ತಿಗೆಲ್ಲ ಹಂಚಿದರು. ನಮ್ಮ ಟ್ರೇನಿಂಗ್ ಸ್ಲೈಡುಗಳವರೆಗೆ ಬಂದು ಮುಟ್ಟಿದ್ದು ಬರೀ ಆ ಸಂಖ್ಯೆ. ಕಾಕಾನ ಲೆಕ್ಕದಲ್ಲಿ ಹಾಕಿ ನೋಡಿ: ದಿನಕ್ಕೆ ನಾಲ್ಕು ಗಂಟೆ ಅಂದರೂ ಹತ್ತು ಸಾವಿರ ಗಂಟೆಗೆ ಸುಮಾರು ಏಳು ವರ್ಷ. ದಿನಕ್ಕೆ ಎರಡು ಊಟ ಹಿಡಿದರೆ ಐದು ಸಾವಿರಕ್ಕೂ ಹೆಚ್ಚು ಊಟ. ಅಷ್ಟು ರೊಟ್ಟಿ ಯಾರೋ ಬಡಿದಿದ್ದಾರೆ. ಅಷ್ಟು ಜೋಳ ಯಾರೋ ಬೆಳೆದಿದ್ದಾರೆ. ಅಭ್ಯಾಸ ಮಾಡುವವನು ಹೊಲಕ್ಕೆ ಹೋಗದ ದಿನ ಅವನ ಪಾಲಿನ ಕೆಲಸ ಯಾರೋ ಮಾಡಿದ್ದಾರೆ.

ಕಾಕಾನಿಗೆ ಈ ಪ್ರಶ್ನೆ ಸಹಜವಾಗಿ ಹೊಳೆದದ್ದಕ್ಕೆ ಕಾರಣ ಇದೆ. ನಮ್ಮೂರ ಹತ್ತಿರವೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ, 2011ರಲ್ಲಿ ಶುರುವಾದದ್ದು. ಹೈವೇಯ ಪಕ್ಕ ಉತ್ಸವ ರಾಕ್ ಗಾರ್ಡನ್ ಇದೆ, ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಹಳ್ಳಿಯ ಬದುಕು ಅಲ್ಲಿ ಶಿಲ್ಪವಾಗಿ ನಿಂತಿದೆ. ಈ ಸಂಗ್ರಹಗಳು ನೆನಪಿಡುತ್ತಿರುವ ಸಂಗೀತದಲ್ಲಿ ಹೆಚ್ಚಿನದಕ್ಕೆ ಬೇರೆ ಅಭ್ಯಾಸದ ಗಂಟೆ ಅಂತ ಇರಲಿಲ್ಲ. ಬೀಸುವ ಪದ ಕಲಿತದ್ದು ಬೀಸುತ್ತಾ, ಕುಟ್ಟುವ ಪದ ಕುಟ್ಟುತ್ತಾ. ಹಾಡಿದಷ್ಟೂ ಹೊತ್ತು ಹಿಟ್ಟು ಆಗುತ್ತಿತ್ತು. ಹಾಡುವವಳಿಗೆ ಉಣ್ಣಲು ಹಾಕಿದವರಾರು ಅಂತ ಕೇಳುವ ಹಾಗೇ ಇಲ್ಲ, ಉಳಿದವರಿಗೆ ಉಣ್ಣಲು ಹಾಕಿದವಳೇ ಅವಳು. ಭಜನೆ, ಶಿಶುನಾಳ ಶರೀಫರ ತತ್ವಪದ ಎಲ್ಲ ದಿನದ ಕೆಲಸ ಮುಗಿದ ಮೇಲೆ, ಹತ್ತು ಜನ ಕೂಡಿ. ಒಬ್ಬನ ದನಿ ಬಿದ್ದರೆ ಪಕ್ಕದವನ ದನಿ ಎತ್ತಿ ಹಿಡಿಯುತ್ತದೆ. ಅಲ್ಲಿ ಯಾರಿಗೂ ಯಾರೂ ‘ಅಬ್ಬಾ’ ಅನ್ನುವುದಿಲ್ಲ, ಅನ್ನಬೇಕಾಗಿಯೂ ಇಲ್ಲ.

ಸೋಲೊ ಸಂಗೀತ ಹಾಗಲ್ಲ. ಅದಕ್ಕೆ ಒಬ್ಬ ಮನುಷ್ಯನನ್ನು ಕೆಲಸದಿಂದ ವರ್ಷಗಟ್ಟಲೆ ಬಿಡಿಸಬೇಕು. ಇದಕ್ಕೆ ತತ್ವಶಾಸ್ತ್ರದಲ್ಲಿ ಎರಡು ಪ್ರಸಿದ್ಧ ಉತ್ತರ ಇವೆ. ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಹೇಳುವ ಪ್ರಕಾರ, ತನ್ನಲ್ಲಿರುವ ಪ್ರತಿಭೆಗೆ ತುಕ್ಕು ಹಿಡಿಯಲು ಬಿಟ್ಟು ಸುಖವಾಗಿರುವುದು ಮನುಷ್ಯನ ಕರ್ತವ್ಯಕ್ಕೆ ಒಪ್ಪುವುದಿಲ್ಲ, ಬೆಳೆಸಲೇಬೇಕು. ಪೀಟರ್ ಸಿಂಗರ್ 1972ರ ಪ್ರಸಿದ್ಧ ಲೇಖನದಲ್ಲಿ ಬೇರೆ ದಿಕ್ಕಿನಿಂದ ಬರುತ್ತಾರೆ: ದೊಡ್ಡ ನಷ್ಟವಿಲ್ಲದೆ ಒಂದು ಕೆಡುಕನ್ನು ತಪ್ಪಿಸಲು ಆಗುತ್ತದೆ ಅಂದರೆ ತಪ್ಪಿಸಲೇಬೇಕು. ಹಾಗೆ ನೋಡಿದರೆ ಹಸಿದವರು ಇರುವ ಜಗತ್ತಿನಲ್ಲಿ ಟ್ರೆಮೊಲೊ ತಿದ್ದುತ್ತಾ ಕೂರುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಇಬ್ಬರ ಮಾತೂ ತೂಕದ್ದೇ. ಆದರೆ ಇಬ್ಬರೂ ಮಾತಾಡುವುದು ಒಬ್ಬನೇ ನಿಂತ ಮನುಷ್ಯನ ಜೊತೆ: ನಿನ್ನ ಪ್ರತಿಭೆ, ನಿನ್ನ ಹಣ, ನಿನ್ನ ಕರ್ತವ್ಯ. ಕಾಕಾನ ಪ್ರಶ್ನೆ ಅದಕ್ಕೂ ಹಿಂದಿನದು. ಆ ಗಂಟೆಗಳು ನಿನ್ನವು ಅಂತ ಯಾರು ಹೇಳಿದರು?

ಶ್ರೀನಿವಾಸ್ ಅವರ ಕಥೆಯನ್ನೇ ಈ ಕಣ್ಣಿಂದ ನೋಡಿ. ತಂದೆ ಸತ್ಯನಾರಾಯಣ ಕ್ಲಾರಿನೆಟ್ ವಾದಕರು. ಗುರು ರುದ್ರರಾಜು ಸುಬ್ಬರಾಜು, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು. ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ನುಡಿಸಲು ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಕೇಳಿದ್ದನ್ನು ತಂತಿಯ ಮೇಲೆ ಹುಡುಕುತ್ತಿದ್ದ. ಮಗನ ಸಂಗೀತಕ್ಕಾಗಿ ಕುಟುಂಬ ಊರು ಬಿಟ್ಟು ಮದ್ರಾಸಿಗೆ ಬಂತು. ಇಸ್ರೇಲಿನ ಮ್ಯಾಂಡೊಲಿನ್ ವಾದಕ ಆವಿ ಅವಿತಾಲ್ ಬೆಳೆದದ್ದು ಬೇರ್ ಶೇವಾ ಪಟ್ಟಣದ ಮಕ್ಕಳ ಮ್ಯಾಂಡೊಲಿನ್ ವಾದ್ಯವೃಂದದಲ್ಲಿ. ಅಲ್ಲಿ ಕಲಿಸುತ್ತಿದ್ದ ಸಿಮ್ಹಾ ನಾಥನ್‌ಸನ್ ಕೂಡ ಮೂಲತಃ ಪಿಟೀಲಿನವರು. ಇಂದು ವೇದಿಕೆಯ ಮೇಲೆ ಒಂಟಿಯಾಗಿ ಕಾಣುವ ಎರಡು ಕೈಗಳನ್ನು, ಆ ವಾದ್ಯ ತಮ್ಮದಲ್ಲದ ಇಬ್ಬರು ಮೇಷ್ಟ್ರು ತಯಾರು ಮಾಡಿದರು. ಸೋಲೊ ಅನ್ನೋದು ವೇದಿಕೆಯ ಲೆಕ್ಕ ಮಾತ್ರ.

ಇನ್ನು ಈ ಲೆಕ್ಕವನ್ನು ಬಚ್ಚಿಡದೆ ಬಯಲಲ್ಲೇ ಬರೆದಿಟ್ಟ ಒಂದು ಉದಾಹರಣೆ ಹಾವೇರಿ, ಗದಗದ ನಮಗೆಲ್ಲ ಗೊತ್ತಿದೆ. ಮ್ಯಾಂಡೊಲಿನ್ ಅಲ್ಲ, ಆದರೆ ಪ್ರಶ್ನೆ ಇದೇ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ದನಿ ಇತ್ತು. ಹಾನಗಲ್ಲ ಕುಮಾರಸ್ವಾಮಿಗಳು ಆ ಹುಡುಗನ ಸಂಗೀತ ಶಿಕ್ಷಣಕ್ಕೆ ಆಸರೆಯಾದರು. ಮುಂದೆ ಪಂಚಾಕ್ಷರಿ ಗವಾಯಿಗಳಾದ ಅವರು ತಮ್ಮ ಹಾಗೆ ಕಣ್ಣಿಲ್ಲದ, ಬಡತನದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತಾ ಪಾಠ ಹೇಳಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಹೀಗೆ ಬೆಳೆದದ್ದು. ಅವರ ನಂತರ ಆಶ್ರಮ ನಡೆಸಿದವರು ಪುಟ್ಟರಾಜ ಗವಾಯಿಗಳು, ನಮ್ಮ ಹಾವೇರಿ ಜಿಲ್ಲೆಯವರೇ, 1914ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡವರು. ಕಣ್ಣಿಲ್ಲದ ಅವರು ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾ ಅಂತ ಎಷ್ಟೋ ವಾದ್ಯ ನುಡಿಸುತ್ತಿದ್ದರು.

ಆ ಮಕ್ಕಳಿಗೆ ಉಣ್ಣಲು ಹಾಕಿದವರು ಯಾರು? ಉತ್ತರ ನೇರ ಇದೆ: ಊರು. ಜೋಳಿಗೆಗೆ ಬಿದ್ದ ಜೋಳ, ಆಶ್ರಮದ ನಾಟಕ ಕಂಪನಿಯ ಟಿಕೆಟ್ಟಿನ ದುಡ್ಡು, ಭಕ್ತರು ಊರೂರಲ್ಲಿ ಮಾಡಿಸಿದ ತುಲಾಭಾರ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಇವತ್ತು ನಾವು ಟಿಕೆಟ್ ತೆಗೆದುಕೊಂಡು ಕೇಳುವ ಎಂ. ವೆಂಕಟೇಶ್ ಕುಮಾರ್ ಪುಟ್ಟರಾಜರ ಹತ್ತಿರ ಆಶ್ರಮದಲ್ಲಿ ವರ್ಷಗಟ್ಟಲೆ ಇದ್ದು ಕಲಿತವರು. ಅವರ ತಾನಿನ ಒಂದೊಂದು ತಿರುವಿನಲ್ಲಿ, ರಾಗ ಅಂದರೇನು ಅಂತ ಗೊತ್ತಿಲ್ಲದ ಎಷ್ಟೋ ರೈತರ ಜೋಳ ಇದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಸಣ್ಣದಲ್ಲ. ಊರಿನ ಜೋಳ ಉಂಡವನ ಮೇಲೆ ಊರಿನ ಹಿಡಿತ ಇರುವುದಿಲ್ಲವಾ? ‘ನಾವು ಹಾಕಿದ್ದೀವಿ, ನಮಗೆ ಬೇಕಾದ್ದನ್ನು ಬಾರಿಸು’ ಅಂದರೆ? ಮನೆಯ ಋಣದ ಹೆಸರಲ್ಲಿ ಮಕ್ಕಳ ಬದುಕನ್ನೇ ಅಡವಿಟ್ಟ ಅಪ್ಪ-ಅವ್ವಂದಿರು ಕಡಿಮೆ ಇದ್ದಾರಾ? ‘ನಿನ್ನ ಓದಿಗೆ ಇಷ್ಟು ಸುರಿದಿದ್ದೀವಿ’ ಅನ್ನುವ ಮಾತು ಕೇಳದೆ ಬೆಂಗಳೂರಿಗೆ ಬಂದವರು ನಮ್ಮಲ್ಲಿ ಎಷ್ಟು ಜನ? ಒಂಬತ್ತು ವರ್ಷದ ಹುಡುಗನನ್ನು ವೇದಿಕೆಗೆ ಹತ್ತಿಸುವ ಲೋಕ ಆ ಹುಡುಗನಿಂದ ಏನು ತೆಗೆದುಕೊಳ್ಳುತ್ತದೆ ಅನ್ನೋದೂ ಕೇಳಬೇಕಾದ ಪ್ರಶ್ನೆಯೇ. ಋಣ ಅನ್ನೋದು ಹಗ್ಗ. ಎತ್ತಲಿಕ್ಕೂ ಬರ್ತದೆ, ಕಟ್ಟಲಿಕ್ಕೂ ಬರ್ತದೆ.

ನನಗೆ ತೋಚುವ ಉತ್ತರ ಇದು. ಜೋಳಿಗೆಗೆ ಒಂದು ಸೇರು ಜೋಳ ಹಾಕಿದ ರೈತ ಯಾವ ರಾಗ ಹಾಡಬೇಕು ಅಂತ ಹೇಳಲಿಲ್ಲ. ಆಶ್ರಮದ ಹುಡುಗ ದೊಡ್ಡವನಾದ ಮೇಲೆ ತನ್ನ ಮಗಳ ಮದುವೆಗೆ ಬಂದು ಹಾಡಬೇಕು ಅಂತ ಬರೆಸಿಕೊಳ್ಳಲಿಲ್ಲ. ಹೇಳಿದ ಹಾಗೆ ಕೇಳಿಸಿಕೊಳ್ಳುವ ಹಕ್ಕು ಆ ಜೋಳದಿಂದ ಯಾರಿಗೂ ಹುಟ್ಟುವುದಿಲ್ಲ. ಹುಟ್ಟುವುದು ಎರಡು ಬೇರೆ ಬಾಧ್ಯತೆ.

ಮೊದಲನೆಯದು, ಪೂರ್ತಿ ಕಲಿಯುವುದು. ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಪರಿಪೂರ್ಣತೆಯ ಹಿಂದೆ ಬೀಳುವುದು ಅಹಂಕಾರ, ಸಾಕು ಅನ್ನುವಷ್ಟಕ್ಕೆ ನಿಲ್ಲಿಸುವುದು ವಿನಯ ಅಂತ ನಾವು ಅಂದುಕೊಂಡಿರುತ್ತೇವೆ. ಕಾಕಾನ ಲೆಕ್ಕದಲ್ಲಿ ಅದು ತಿರುಗುಮುರುಗಾಗುತ್ತದೆ. ಏಳು ವರ್ಷ ಬೇರೆಯವರ ಕೈಯಿಂದ ಉಂಡು, ಎಂಟನೆಯ ವರ್ಷ ‘ಇಷ್ಟಾದರೆ ಕಚೇರಿ ನಡೀತದೆ’ ಅಂತ ಕೈ ಬಿಟ್ಟರೆ ಐದು ಸಾವಿರ ಊಟವನ್ನು ಅರ್ಧಕ್ಕೆ ಚೆಲ್ಲಿದ ಹಾಗೆ. ಕಲಾಚೆಯ ಪ್ರೆಲ್ಯೂಡಿನಲ್ಲಿ ಕೆಳಗಿನ ಸ್ವರ ಇಡುವಾಗ ಮೇಲಿನ ಟ್ರೆಮೊಲೊ ಒಂದು ಕೂದಲೆಳೆ ನಡುಗಿದರೆ ಸಭೆಯಲ್ಲಿ ಬಹಳ ಜನಕ್ಕೆ ಗೊತ್ತಾಗಲ್ಲ. ಗೊತ್ತಾಗದ ಆ ಜಾಗವನ್ನು ತಿದ್ದಲು ಒಬ್ಬ ಇನ್ನೊಂದು ವರ್ಷ ಕೂರುವುದು ಬರೀ ಶೋಕಿ ಅಲ್ಲ. ನಂಬಿ ಕೊಟ್ಟದ್ದನ್ನು ನಂಬಿಕೆಯಿಂದ ಖರ್ಚು ಮಾಡುವುದು ಅದು.

ಎರಡನೆಯದು, ಕಲಿತ ದಾರಿಯನ್ನು ಹಿಂದೆ ಬರುವವರಿಗೆ ತೆರೆದಿಡುವುದು. ಶ್ರೀನಿವಾಸ್ ತಂದೆಯ ಋಣ, ಗುರುವಿನ ಋಣ ತೀರಿಸಿದರಾ ಇಲ್ಲವಾ ಅಂತ ಹೊರಗಿನವರು ಹೇಳುವ ಹಾಗಿಲ್ಲ. ಆದರೆ ಅವರು ಚೆನ್ನೈನಲ್ಲಿ ಶಾಲೆ ಕಟ್ಟಿ ಶಿಷ್ಯರಿಗೆ ಕಲಿಸಿದರು, ತಮ್ಮ ಯು. ರಾಜೇಶ್ ಅಣ್ಣನ ಜೊತೆ ನುಡಿಸಿದರು, ಇವತ್ತಿಗೂ ನುಡಿಸುತ್ತಿದ್ದಾರೆ. ಶ್ರೀನಿವಾಸ್ ಮೊದಲು ಮದ್ರಾಸಿಗೆ ಬಂದಾಗ ‘ಇದು ನಮ್ಮ ಸಂಗೀತದ ವಾದ್ಯವಾ?’ ಅಂತ ಹುಬ್ಬೇರಿಸಿದವರಿದ್ದರು. ಈಗ ಮ್ಯಾಂಡೊಲಿನ್ ಕಚೇರಿ ಅಂದರೆ ಯಾರೂ ಬೆರಗಾಗುವುದಿಲ್ಲ. ಒಬ್ಬ ಹುಡುಗ ಕತ್ತಲಲ್ಲಿ ಹುಡುಕಿದ ಗಮಕದ ಜಾಗಗಳು ಇನ್ನೊಬ್ಬ ಹುಡುಗಿಗೆ ಮೊದಲ ವರ್ಷದ ಪಾಠದಲ್ಲೇ ಸಿಗುತ್ತವೆ.

ಇದನ್ನೆಲ್ಲ ಸಂಗೀತಗಾರರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ಅವರಿಗೆ ಇದು ಗೊತ್ತು. ಕಚೇರಿಗೆ ಮೊದಲು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವ ಸಂಪ್ರದಾಯ ಹಿಂದೂಸ್ತಾನಿಯಲ್ಲಿ ಇದೆ. ಗೊತ್ತಿಲ್ಲದವರು ನಾವು. ನಮ್ಮ ಕಸುಬಿನಲ್ಲಿ ಹೊಗಳಿಕೆಯ ದೊಡ್ಡ ಮಾತು ‘ಸೆಲ್ಫ್ ಮೇಡ್’. ಅಪ್ರೈಸಲ್ ಫಾರ್ಮಿನಲ್ಲಿ ‘ವೈಯಕ್ತಿಕ ಸಾಧನೆ’ ಅಂತ ಒಂದು ಕಾಲಂ ಇರುತ್ತದೆ, ಉಂಡದ್ದನ್ನು ಬರೆಯಲು ಕಾಲಂ ಇರುವುದಿಲ್ಲ.

ನನ್ನ ಲೆಕ್ಕ ನಾನೇ ಬರೆಯುತ್ತೇನೆ. ಬಿಇ ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು ಎಲ್ಲ ನಾಲ್ಕು ವರ್ಷದ ಹತ್ತಿ, ಗೋವಿನಜೋಳದ ದುಡ್ಡಿನಲ್ಲಿ ಹೋಯಿತು. ಅದು ಸಾಲದು ಅಂತ ಅಕ್ಕನ ಓದು ಪಿಯುಸಿಗೆ ನಿಂತಿತು. ಯಾರೂ ಕೂತು ಹಾಗೆ ತೀರ್ಮಾನ ಮಾಡಲಿಲ್ಲ. ಒಂದು ಮನೆಯಲ್ಲಿ ಎರಡು ಫೀಸು ಆಗುವುದಿಲ್ಲ ಅಂದಾಗ ಯಾರದು ನಿಲ್ಲುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿದ್ದ ಕಾಲ. ಗಣಿತದಲ್ಲಿ ಅವಳು ನನಗಿಂತ ಚುರುಕು. ನನ್ನ ರೆಸ್ಯೂಮೆ ಎರಡು ಪುಟ ಇದೆ, ಅವಳ ಹೆಸರು ಎಲ್ಲೂ ಇಲ್ಲ. ಈ ಋಣವನ್ನು ದುಡ್ಡು ಕಳಿಸಿ ತೀರಿಸಲು ಆಗುವುದಿಲ್ಲ. ಅವಳು ಕಲಿಯದೇ ಹೋದದ್ದಕ್ಕೆ ರೇಟು ಇಲ್ಲ. ಈಗ ಅವಳ ಮಗಳು ಹತ್ತನೆಯ ಕ್ಲಾಸಿನಲ್ಲಿದ್ದಾಳೆ. ರವಿವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಲೆಕ್ಕ ಮಾಡಿಸುತ್ತೇನೆ. “ಮಾಮಾ, ಇದು ಪರೀಕ್ಷಾದಾಗ ಬರಂಗಿಲ್ಲ, ಬಿಡು” ಅಂತಾಳೆ. ಬಿಡುವುದಿಲ್ಲ.

ಈಗ ಮ್ಯಾಂಡೊಲಿನ್ ಟ್ರೆಮೊಲೊ ಬೇಕಾದರೆ ಕಂಪ್ಯೂಟರಿನಲ್ಲಿ ಒಂದು ಕೀ ಒತ್ತಿದರೆ ಸಾಕು, ಸ್ಯಾಂಪಲ್‌ಗಳು ಸಿಗುತ್ತವೆ. ನಮ್ಮ ಕೆಲಸದಲ್ಲೂ ಅರ್ಧ ಕೋಡ್ ಹಾಗೇ ಬರಲು ಶುರುವಾಗಿದೆ. ಹಾಗಿದ್ದ ಮೇಲೆ ವರ್ಷಗಟ್ಟಲೆ ಕೂತು ಕಲಿಯೋದು ಯಾಕೆ ಅಂತ ಟೀಮಿನ ಹೊಸ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅವರಿಗೆ ನಾನು ಭವಿಷ್ಯ ಹೇಳುವುದಿಲ್ಲ, ನನಗೆ ಗೊತ್ತೂ ಇಲ್ಲ. ಕಾಕಾನ ಪ್ರಶ್ನೆಯನ್ನು ಅವರ ಮುಂದಿಡುತ್ತೇನೆ: ಇಲ್ಲಿಯವರೆಗೆ ನಿನಗೆ ಉಣ್ಣಾಕ ಹಾಕಿದವರು ಯಾರು, ಒಂದು ಪಟ್ಟಿ ಮಾಡು. ಮೊದಲ ಮೂರು ಹೆಸರು ಎಲ್ಲರಿಗೂ ಬೇಗ ಬರುತ್ತವೆ. ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಬೇಕು. ಏಳೆಂಟಕ್ಕೆ ಬರುವ ಹೊತ್ತಿಗೆ, ಎಷ್ಟು ಕಲಿತರೆ ಸಾಕು ಅನ್ನೋ ಪ್ರಶ್ನೆಯನ್ನು ಅವರೇ ಬೇರೆ ಥರ ಕೇಳತೊಡಗುತ್ತಾರೆ.